ಹಳೆಯ ಹಾಲಿವುಡ್‌ನ ಕೆಂಪು ತುಟಿ, ಇಂದಿನ ಮೇಕಪ್‌ನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮದುವೆ, ಆರತಕ್ಷತೆಗಳಿಗೆ ಮೇಕಪ್ ಮಾಡುವವಳು. ಕನ್ನಡಿ ಮುಂದೆ ಕೂತವರು, ಫೋನ್ ಮಾಡಿದವರು, ಪತ್ರ ಬರೆದವರು, ಎಲ್ಲರೂ ಕೆಂಪು ತುಟಿಯ ಬಗ್ಗೆ ಸುತ್ತಿ ಬಳಸಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರು ಮಾಡುವ ಮೊದಲು

ಹಾಲಿವುಡ್ ಕೆಂಪು ತುಟಿ ಅಂದ್ರೆ ಸುಮ್ನೆ ಕೆಂಪು ಲಿಪ್‌ಸ್ಟಿಕ್ ಹಚ್ಚೋದೇ ಅಲ್ವಾ?

ಅಲ್ಲ. ಆ ತುಟಿಯ ಗುಟ್ಟು ಬಣ್ಣದಲ್ಲಿಲ್ಲ, ಅಂಚಿನಲ್ಲಿದೆ. ಅಂಚು ಚೊಕ್ಕಟವಾಗಿದ್ದರೆ ನೂರೈವತ್ತು ರೂಪಾಯಿಯ ಲಿಪ್‌ಸ್ಟಿಕ್ ಕೂಡ ಸಿನಿಮಾ ತಾರೆಯ ತುಟಿಯಂತೆ ಕಾಣುತ್ತದೆ. ಅಂಚು ಕದಡಿದ್ದರೆ ಎಷ್ಟು ದುಬಾರಿಯದು ಹಚ್ಚಿದರೂ ಅಷ್ಟೇ.

‘ಹಾಲಿವುಡ್ ತುಟಿ’ ಅನ್ನೋದು ಒಂದೇ ಅಲ್ಲ ಅನ್ನೋದೂ ಗೊತ್ತಿರಲಿ. 1920ರ ದಶಕದ ನಟಿ ಕ್ಲಾರಾ ಬೋ ಅವರ ತುಟಿಯನ್ನು ನೋಡಿ. ಮೇಲ್ದುಟಿಯ ನಡುವೆ ಎರಡು ಚೂಪು ಏರು, ಬಾಯಿಯ ಎರಡೂ ಮೂಲೆ ಖಾಲಿ. ಆಗ ಸ್ಟುಡಿಯೋ ದೀಪಗಳ ಬಿಸಿಗೆ ತುಟಿಯ ಬಣ್ಣ ಕರಗಿ ಮೂಲೆಗಳಿಗೆ ಇಳಿಯುತ್ತಿತ್ತು. ಅದಕ್ಕೆ ಹಾಲಿವುಡ್‌ನ ಮೇಕಪ್ ಕಲಾವಿದ ಮ್ಯಾಕ್ಸ್ ಫ್ಯಾಕ್ಟರ್, ಮುಖಕ್ಕೆ ಬಳಿಯುವ ಫೌಂಡೇಶನ್ನನ್ನೇ ತುಟಿಗೂ ಬಳಿದು, ಹೆಬ್ಬೆರಳಿಗೆ ಬಣ್ಣ ತಗೊಂಡು ಮೇಲ್ದುಟಿಗೆ ಎರಡು ಒತ್ತು, ಕೆಳದುಟಿಗೆ ಒಂದು ಒತ್ತು ಕೊಡುತ್ತಿದ್ದರಂತೆ. ಇಂದು ಹೆಚ್ಚಿನವರು ಕೇಳುವುದು ಅದಲ್ಲ. 1940 ಮತ್ತು 50ರ ದಶಕದ ನಟಿಯರಾದ ರೀಟಾ ಹೇವರ್ತ್, ಏವಾ ಗಾರ್ಡ್ನರ್, ಎಲಿಜಬೆತ್ ಟೇಲರ್ ಅವರ ತುಟಿ. ಮೂಲೆಯಿಂದ ಮೂಲೆಗೆ ತುಂಬಿದ, ದುಂಡಗಿನ, ತುಸು ಮಿರುಗುವ ಕೆಂಪು. ಇಲ್ಲಿ ನಾನು ಹೇಳುವುದೆಲ್ಲ ಆ ತುಟಿಗೆ.

ಕಪ್ಪು-ಬಿಳುಪು ಸಿನಿಮಾ ನೋಡಿ ಆ ಕೆಂಪನ್ನು ಹೇಗೆ ಕಂಡುಹಿಡಿಯೋದು?

ಕಂಡುಹಿಡಿಯೋಕೆ ಆಗಲ್ಲ, ಅದೇ ವಿಷಯ. ಮೂಕಿ ಚಿತ್ರಗಳ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಹಚ್ಚಿದರೆ ಪರದೆಯ ಮೇಲೆ ಕಪ್ಪಾಗುತ್ತಿತ್ತು. 1920ರ ದಶಕದ ಕೊನೆಗೆ ಎಲ್ಲ ಬಣ್ಣವನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಂದ ಮೇಲೆ ಕೆಂಪಿಗೆ ಅದರ ನಿಜವಾದ ತೂಕದ ಬೂದು ಬಣ್ಣ ಸಿಕ್ಕಿತು. ಹಾಗಾಗಿ ಹಳೆಯ ಚಿತ್ರದಲ್ಲಿ ತುಟಿ ಕಡುಗಪ್ಪಾಗಿ ಕಂಡಿತು ಅಂತ ಮರೂನ್ ಕೊಳ್ಳಬೇಡಿ. ಬಣ್ಣ ಬೇಕಿದ್ದರೆ 1935ರ ನಂತರದ ಟೆಕ್ನಿಕಲರ್ ಎಂಬ ಬಣ್ಣದ ಚಿತ್ರಗಳನ್ನು, ಆ ಕಾಲದ ಬಣ್ಣದ ಜಾಹೀರಾತುಗಳನ್ನು ನೋಡಿ. ಕಪ್ಪು-ಬಿಳುಪು ಚಿತ್ರದಿಂದ ಆಕಾರವನ್ನು ಕಲಿಯಿರಿ. ಬಣ್ಣ ಕಣ್ಣು ಸೆಳೆಯದಿರುವುದರಿಂದ ಅಂಚು ಅಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ನೋಡಿ.

ನಾನು ಕಪ್ಪಗಿದ್ದೀನಿ. ನನಗೆ ಕೆಂಪು ಒಪ್ಪುತ್ತಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವಾಗ ದನಿ ಸಣ್ಣದಾಗುತ್ತದೆ. ಅದು ನನಗೆ ಪ್ರತಿಸಲವೂ ನೋವು ಕೊಡುತ್ತದೆ.

ಒಪ್ಪುತ್ತದೆ. ಚೆನ್ನಾಗಿ ಒಪ್ಪುತ್ತದೆ. ಆ ಕಾಲದ ಹಾಲಿವುಡ್ ಬಿಳಿಯ ಮುಖಗಳನ್ನೇ ಮುಂದಿಟ್ಟಿತು. ಮ್ಯಾಕ್ಸ್ ಫ್ಯಾಕ್ಟರ್ 1935ರಲ್ಲಿ ತೆರೆದ ಸ್ಟುಡಿಯೋದಲ್ಲಿ ಹೊಂಬಣ್ಣದ ಕೂದಲಿನವರಿಗೆ, ಕೆಂಗೂದಲಿನವರಿಗೆ, ಕಡುಗೂದಲಿನವರಿಗೆ ಬೇರೆ ಬೇರೆ ಕೋಣೆಗಳಿದ್ದವು. ನಮ್ಮಂಥ ಮೈಬಣ್ಣಕ್ಕೆ ಒಂದು ಕೋಣೆ ಇರಲಿಲ್ಲ. ಹಾಗಾಗಿ ‘ಕೆಂಪು ತುಟಿ ಬೆಳ್ಳಗಿರುವವರಿಗೆ ಮಾತ್ರ’ ಅನ್ನುವ ಮಾತು ಹುಟ್ಟಿದ್ದು ಚಿತ್ರಗಳಿಂದ, ಬಣ್ಣದ ಗುಣದಿಂದಲ್ಲ.

ಎಣ್ಣೆಗಪ್ಪು ಮೈಬಣ್ಣಕ್ಕೆ ಬೇಕಾದ್ದು ತುಂಬು ಬಣ್ಣ. ತೆಳುವಾದ, ಬಿಳಿ ಬೆರೆತ ಕೆಂಪು ಹಚ್ಚಿದರೆ ತುಟಿ ಬೂದಿ ಹಿಡಿದ ಹಾಗೆ ಕಾಣುತ್ತದೆ. ದಾಳಿಂಬೆ ಕಾಳಿನ ಕೆಂಪು, ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು, ಇವು ಬೆಳಗುತ್ತವೆ. ಗೋಧಿ ಬಣ್ಣದವರಿಗೆ ದಾಸವಾಳದ ಕೆಂಪು ಸುಲಭವಾಗಿ ಕೂರುತ್ತದೆ. ನನ್ನ ಅನುಭವದಲ್ಲಿ ಕಪ್ಪು ಚರ್ಮದ ಮೇಲೆ ಒಳ್ಳೆಯ ಕೆಂಪು ಕಂಡಷ್ಟು ಆಳವಾಗಿ ಬಿಳಿ ಚರ್ಮದ ಮೇಲೆ ಕಾಣುವುದಿಲ್ಲ.

ನೀಲಿ ಕೆಂಪು, ಕಿತ್ತಳೆ ಕೆಂಪು ಅಂತಾರಲ್ಲ, ಅಂಗಡಿಯಲ್ಲಿ ನಿಂತು ಹೇಗೆ ಗೊತ್ತಾಗುತ್ತೆ?

ಒಂದೇ ಲಿಪ್‌ಸ್ಟಿಕ್ ನೋಡಿದರೆ ಗೊತ್ತಾಗಲ್ಲ. ಎರಡು ಕೆಂಪನ್ನು ಪಕ್ಕಪಕ್ಕ ಕೈಮೇಲೆ ಎಳೆಯಿರಿ. ಒಂದು ಕನಕಾಂಬರದ ಕಡೆಗೆ ವಾಲುತ್ತದೆ, ಅದು ಕಿತ್ತಳೆ ಕೆಂಪು. ಇನ್ನೊಂದು ದಾಳಿಂಬೆ ಕಡೆಗೆ ವಾಲುತ್ತದೆ, ಅದು ನೀಲಿ ಬೆರೆತ ಕೆಂಪು. ಅಂಗಡಿಯ ಹಳದಿ ದೀಪದಡಿ ನಂಬಬೇಡಿ. ಬಾಗಿಲ ಹತ್ತಿರ ಹೋಗಿ ಬಿಸಿಲಲ್ಲಿ ನೋಡಿ.

ನೀಲಿ ಬೆರೆತ ಕೆಂಪಿನಲ್ಲಿ ಹಲ್ಲು ಬೆಳ್ಳಗೆ ಕಾಣುತ್ತದೆ, ಹಳೆಯ ಕಾಲದ ಗಾಂಭೀರ್ಯವೂ ಬರುತ್ತದೆ. ಕಿತ್ತಳೆ ಕೆಂಪು ಮುಖಕ್ಕೆ ಬಿಸಿ ಕೊಡುತ್ತದೆ, ಆದರೆ ಹಲ್ಲಿನ ಹಳದಿಯನ್ನೂ ಎತ್ತಿ ತೋರಿಸುತ್ತದೆ. ಮೊದಲ ಸಲ ಕೊಳ್ಳುವುದಾದರೆ ಎರಡಕ್ಕೂ ನಡುವಿನದು ತಗೊಳ್ಳಿ. ಹಾಗೆಯೇ ಅಂಗಡಿಯ ಟೆಸ್ಟರನ್ನು ತುಟಿಗೆ ಮುಟ್ಟಿಸಬೇಡಿ, ಎಷ್ಟು ಜನ ಮುಟ್ಟಿಸಿರುತ್ತಾರೋ. ಬೆರಳ ತುದಿಗೆ ಹಚ್ಚಿ ಮುಖದ ಹತ್ತಿರ ಹಿಡಿದರೆ ಸಾಕು. ಬೆರಳ ತುದಿಯ ಚರ್ಮ ತುಟಿಯ ಬಣ್ಣಕ್ಕೆ ಹತ್ತಿರ.

ಆಗಿನ ಶೇಡ್‌ಗಳು ಈಗಲೂ ಸಿಗುತ್ತವಾ?

ಕೆಲವು ಹೆಸರುಗಳು ಉಳಿದಿವೆ. ರೆವ್ಲಾನ್‌ನ ‘ಚೆರೀಸ್ ಇನ್ ದ ಸ್ನೋ’ 1940ರ ದಶಕದ್ದು, ‘ಫೈರ್ ಅಂಡ್ ಐಸ್’ 1952ರದ್ದು. ಹೆಸರು ಅದೇ ಇದ್ದರೂ ಒಳಗಿನ ಸಾಮಗ್ರಿ ಬದಲಾಗಿದೆ, ಏಕೆಂದರೆ ಆಗಿನ ಕೆಲವು ಬಣ್ಣಗಳಿಗೆ ಈಗ ಅನುಮತಿ ಇಲ್ಲ. ಹೊಸ ಕಾಲದಲ್ಲಿ ಹಳೆಯ ಕೆಂಪಿಗೆ ಹೆಸರಾದದ್ದು ಮ್ಯಾಕ್‌ನ ‘ರೂಬಿ ವೂ’. ನಮ್ಮಲ್ಲಿ ಲ್ಯಾಕ್ಮೆ ಶುರುವಾದದ್ದೂ 1952ರಲ್ಲೇ, ಟಾಟಾದವರಿಂದ. ಲಕ್ಷ್ಮಿ ಅನ್ನುವ ಹೆಸರಿನ ಫ್ರೆಂಚ್ ರೂಪ ಅದು. ಹೆಸರಿನ ಹಿಂದೆ ಜಾಸ್ತಿ ಓಡಬೇಡಿ. ನಿಮ್ಮ ಮುಖಕ್ಕೆ ಕೂರುವ ಕೆಂಪು ಯಾವ ಡಬ್ಬಿಯಲ್ಲಿದ್ದರೂ ಆಗುತ್ತದೆ.

## ಹಚ್ಚುವ ಹೊತ್ತಿಗೆ

ತುಟಿ ಒಡೆದು ಸಿಪ್ಪೆ ಏಳ್ತಾ ಇದೆ. ಏನು ಮಾಡ್ಲಿ?

ರಕ್ತ ಬರುವಷ್ಟು ಒಡೆದಿದ್ದರೆ ಆ ದಿನ ಕೆಂಪು ಬೇಡ, ವಾಸಿಯಾಗಲಿ. ಬರೀ ಸಿಪ್ಪೆ ಆದರೆ ಹಿಂದಿನ ರಾತ್ರಿ ತುಪ್ಪವನ್ನೋ ವ್ಯಾಸಲೀನನ್ನೋ ದಪ್ಪಗೆ ಸವರಿ ಮಲಗಿ. ಬೆಳಗ್ಗೆ ಬೆಚ್ಚಗಿನ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಹಲ್ಲಿನಿಂದ ಸಿಪ್ಪೆ ಕೀಳಬೇಡಿ. ಲಿಪ್‌ಸ್ಟಿಕ್ ಹಚ್ಚುವ ಹತ್ತು ನಿಮಿಷ ಮೊದಲು ಬಾಮ್ ಹಚ್ಚಿ, ಆಮೇಲೆ ಪೂರ್ತಿ ಒರೆಸಿ ತೆಗೆಯಿರಿ. ಜಿಡ್ಡು ಉಳಿದರೆ ಬಣ್ಣ ಜಾರುತ್ತದೆ.

ಲಿಪ್ ಪೆನ್ಸಿಲ್ ಬೇಕೇ ಬೇಕಾ?

ಈ ತುಟಿಗೆ ಬೇಕೇ ಬೇಕು. ಬೇರೆ ಬಣ್ಣಗಳಿಗೆ ನಾನು ಪೆನ್ಸಿಲ್ ಬಿಟ್ಟೇ ಬಿಡುತ್ತೇನೆ, ಕೆಂಪಿಗೆ ಬಿಡುವುದಿಲ್ಲ. ಪೆನ್ಸಿಲ್‌ನಲ್ಲಿ ಮೇಣ ಜಾಸ್ತಿ, ಎಣ್ಣೆ ಕಡಿಮೆ. ಅದಕ್ಕೇ ಅದು ಕಟ್ಟೆಯ ಹಾಗೆ ನಿಂತು ಒಳಗಿನ ಬಣ್ಣವನ್ನು ತಡೆಯುತ್ತದೆ. ಲಿಪ್‌ಸ್ಟಿಕ್ಕಿನ ಬಣ್ಣದ್ದೇ ಪೆನ್ಸಿಲ್ ತಗೊಳ್ಳಿ. ಕಂದು ಗೆರೆ ಎಳೆದು ಒಳಗೆ ಕೆಂಪು ತುಂಬುವುದು 1990ರ ದಶಕದ ರೀತಿ, ಅದು ಬೇರೆ ತುಟಿ.

ಒಂದೊಂದಾಗಿ ಹೇಳಿಕೊಡಿ, ನಾನು ಕನ್ನಡಿ ಮುಂದೆ ಕೂತಿದ್ದೀನಿ.

ಸರಿ. ಮೊಣಕೈಯನ್ನು ಮೇಜಿನ ಮೇಲೆ ಊರಿ. ಕಿರುಬೆರಳು ಗದ್ದಕ್ಕೆ ತಾಗಿರಲಿ. ಕೈ ನಡುಗದಿರುವುದಕ್ಕೆ ಇಷ್ಟು ಸಾಕು.

ಬಾಯಿ ಸಡಿಲ ಬಿಡಿ, ನಗಬೇಡಿ. ನಕ್ಕು ಗೆರೆ ಎಳೆದರೆ ನಗು ಇಳಿದಾಗ ಗೆರೆ ಸೊಟ್ಟಗಾಗುತ್ತದೆ. ಮೂಗಿನ ಕೆಳಗಿನ ತಗ್ಗು ಮೇಲ್ದುಟಿಗೆ ಸೇರುವಲ್ಲಿ ಒಂದು ಸಣ್ಣ ಕತ್ತರಿ (X) ಗುರುತು ಹಾಕಿ. ಅದರ ಎರಡು ಮೇಲಿನ ತೋಳುಗಳೇ ನಿಮ್ಮ ಎರಡು ಏರುಗಳು. ಇಂಗ್ಲಿಷಿನವರು ಇದನ್ನು ಕ್ಯುಪಿಡ್‌ನ ಬಿಲ್ಲು ಅನ್ನುತ್ತಾರೆ. ನಮಗೆ ಅದು ಮನ್ಮಥನ ಬಿಲ್ಲು, ಅಲ್ವಾ? ಆದರೆ ನಲವತ್ತರ ದಶಕದ ಬಿಲ್ಲು ಚೂಪಲ್ಲ, ದುಂಡು. ಹಾಗಾಗಿ ಕತ್ತರಿಯ ಮೊನೆಗಳನ್ನು ಸ್ವಲ್ಪ ಗುಂಡಗೆ ತಿದ್ದಿ.

ಈಗ ಕೆಳದುಟಿಯ ನಡುವೆ ಒಂದು ಅಡ್ಡ ಗೆರೆ. ಆಮೇಲೆ ಬಾಯಿಯ ಮೂಲೆಗಳಿಂದ ನಡುವಿಗೆ ಚಿಕ್ಕ ಚಿಕ್ಕ ಗೆರೆಗಳಲ್ಲಿ ಬನ್ನಿ. ಒಂದೇ ಉದ್ದ ಗೆರೆ ಎಳೆಯುವ ಸಾಹಸ ಬೇಡ, ನಾನೂ ಮಾಡುವುದಿಲ್ಲ. ಗೆರೆ ಮುಗಿದ ಮೇಲೆ ಅದೇ ಪೆನ್ಸಿಲ್‌ನಿಂದ ತುಟಿಯನ್ನೆಲ್ಲ ತುಂಬಿ.

ಲಿಪ್‌ಸ್ಟಿಕ್ಕನ್ನು ಬ್ರಶ್‌ನಿಂದ ಹಚ್ಚಿ. ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗಿ. ಟಿಶ್ಯೂ ಕಚ್ಚಿ ಜಾಸ್ತಿಯಾದದ್ದನ್ನು ತೆಗೆಯಿರಿ. ಇನ್ನೊಂದು ಟಿಶ್ಯೂವಿನ ಪದರ ಬಿಡಿಸಿ, ಒಂದೇ ಪದರವನ್ನು ತುಟಿಯ ಮೇಲಿಟ್ಟು, ಅದರ ಮೇಲಿಂದ ಮುಖದ ಪೌಡರ್ ತಟ್ಟಿ. ಬಟ್ಟೆಯಿಂದ ಸೋಸಿದ ಹಾಗೆ ತೀರ ಸಣ್ಣ ಪುಡಿ ಮಾತ್ರ ತುಟಿಗೆ ತಲುಪುತ್ತದೆ. ಅದರ ಮೇಲೆ ಎರಡನೇ ಸಲ ಲಿಪ್‌ಸ್ಟಿಕ್.

ಕೊನೆಗೆ ಚಪ್ಪಟೆ ಬ್ರಶ್‌ಗೆ ನಿಮ್ಮ ಮೈಬಣ್ಣದ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ತಗೊಂಡು ಹೊರ ಅಂಚಿಗುಂಟ ಎಳೆದು, ಹೊರಗಡೆಗೆ ಮಾತ್ರ ಬೆರಳಿಂದ ತಟ್ಟಿ. ಈ ಒಂದು ಕೆಲಸಕ್ಕೆ ಐದು ನಿಮಿಷ ಇಡಿ. ಹಾಲಿವುಡ್ ತುಟಿ ಆಗುವುದು ಇಲ್ಲಿ.

ನನ್ನ ಮೇಲ್ದುಟಿ ಕಪ್ಪು, ಕೆಳದುಟಿ ಗುಲಾಬಿ. ಒಂದೇ ಲಿಪ್‌ಸ್ಟಿಕ್ ಎರಡು ಬಣ್ಣ ಕಾಣುತ್ತೆ.

ನಮ್ಮ ಕಡೆ ತುಂಬಾ ಜನರಿಗೆ ಹೀಗೇ ಇರುತ್ತದೆ. ಇದು ದೋಷವೂ ಅಲ್ಲ, ರೋಗವೂ ಅಲ್ಲ. ಮೇಲ್ದುಟಿಗೆ, ಕಪ್ಪನ್ನು ಮರೆಸುವ ಕಿತ್ತಳೆ ಬಣ್ಣದ ಕರೆಕ್ಟರ್ ಕ್ರೀಮನ್ನು ಉಗುರಿನ ತುದಿಯಷ್ಟು ತಗೊಂಡು ತಟ್ಟಿ, ಅದರ ಮೇಲೆ ಪೆನ್ಸಿಲ್ ತುಂಬಿ. ಎರಡೂ ತುಟಿಗೆ ಫೌಂಡೇಶನ್ ಬಳಿದು ಬೆಳ್ಳಗೆ ಮಾಡುವವರಿದ್ದಾರೆ. ಅದು ಬೇಡ. ಕೆಂಪಿನ ಕೆಳಗೆ ಬಿಳಿಚಿದ ಪದರ ಇದ್ದರೆ ಎರಡು ಗಂಟೆಯಲ್ಲಿ ಅದು ಬಿರುಕು ಬಿಟ್ಟು ಹೊರಗೆ ಇಣುಕುತ್ತದೆ.

ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್ ಇದೆ. ಅದೇ ಸಾಕಲ್ವಾ?

ನಡೆಯುತ್ತದೆ, ಆದರೆ ಹಳೆಯ ತುಟಿಯ ಹಾಗೆ ಕಾಣುವುದಿಲ್ಲ. ಆಗಿನ ಲಿಪ್‌ಸ್ಟಿಕ್ ಮೇಣ, ಎಣ್ಣೆ ಸೇರಿದ ಕಡ್ಡಿ. ಒಣಗಿ ಬಿಗಿಯಾಗುತ್ತಿರಲಿಲ್ಲ, ರೇಷ್ಮೆಯಂತೆ ಸಣ್ಣಗೆ ಮಿರುಗುತ್ತಿತ್ತು. ಇಂದಿನ ಲಿಕ್ವಿಡ್ ಮ್ಯಾಟ್ ಬೆಳಕನ್ನು ನುಂಗಿಬಿಡುತ್ತದೆ, ತುಟಿ ಚಪ್ಪಟೆಯಾಗುತ್ತದೆ. ನಿಮ್ಮಲ್ಲಿ ಅದೇ ಇದ್ದರೆ ಹಚ್ಚಿ, ಪೂರ್ತಿ ಒಣಗಲಿ. ಆಮೇಲೆ ಕೆಳದುಟಿಯ ನಡುವೆ ಮಾತ್ರ ಸ್ವಲ್ಪ ಬಾಮ್ ತಟ್ಟಿ. ಹೊಸದಾಗಿ ಕೊಳ್ಳುವುದಾದರೆ ಡಬ್ಬಿಯ ಮೇಲೆ ‘ಸ್ಯಾಟಿನ್’ ಅಂತ ಬರೆದದ್ದನ್ನು ಹುಡುಕಿ.

ಹಲ್ಲಿಗೆ ಅಂಟಿಕೊಳ್ಳುತ್ತೆ, ಮರ್ಯಾದೆ ಹೋಗುತ್ತೆ.

ಹಚ್ಚಿದ ಮೇಲೆ ತೊಳೆದ ಬೆರಳನ್ನು ಬಾಯಲ್ಲಿಟ್ಟು, ತುಟಿ ಬಿಗಿ ಹಿಡಿದು ಹೊರಗೆಳೆಯಿರಿ. ಒಳಗಡೆಯ ಬಣ್ಣ ಬೆರಳಿಗೆ ಬರುತ್ತದೆ. ಅಷ್ಟೇ.

ಮದುವೆ ಊಟ ಆದ ಮೇಲೂ ತುಟಿ ಹಾಗೇ ಇರಬೇಕು. ಆಗುತ್ತಾ?

ಪೂರ್ತಿ ಹಾಗೇ ಇರುವುದಿಲ್ಲ, ಸುಳ್ಳು ಹೇಳಲಾರೆ. ಲಿಪ್‌ಸ್ಟಿಕ್ಕನ್ನು ತೆಗೆಯುವುದು ನೀರಲ್ಲ, ಎಣ್ಣೆ. ಚಿರೋಟಿ, ತುಪ್ಪ ಹಾಕಿದ ಒಬ್ಬಟ್ಟು, ಬೋಂಡ, ನಮ್ಮ ಬಾಳೆಲೆಯಲ್ಲಿ ಅರ್ಧಕ್ಕರ್ಧ ಜಿಡ್ಡೇ.

ಈ ಕಷ್ಟ ಹಳೆಯದು. ಅಮೆರಿಕದ ರಸಾಯನ ತಜ್ಞೆ ಹೇಜಲ್ ಬಿಷಪ್ ತಮ್ಮ ಮನೆಯ ಅಡುಗೆಮನೆಯಲ್ಲೇ ಪ್ರಯೋಗ ಮಾಡಿ, 1950ರ ಹೊತ್ತಿಗೆ ಲೋಟಕ್ಕೆ, ಬಟ್ಟೆಗೆ ಅಂಟದ ಲಿಪ್‌ಸ್ಟಿಕ್ ತಂದರು. ಚರ್ಮಕ್ಕೇ ಕಲೆಯಾಗಿ ಹಿಡಿಯುವ ಬಣ್ಣವನ್ನು ಅವರು ಬಳಸಿದರು. ಮೇಲಿನ ಮೇಣ ಹೋದರೂ ಕೆಳಗೆ ಕಲೆ ಉಳಿಯುತ್ತಿತ್ತು. ಇಂದು ಆ ಕೆಲಸಕ್ಕೆ ಲಿಪ್ ಟಿಂಟ್ ಇದೆ. ಮೊದಲು ಕೆಂಪು ಟಿಂಟ್ ಹಚ್ಚಿ ಒಣಗಿಸಿ, ಆಮೇಲೆ ಪೆನ್ಸಿಲ್, ಆಮೇಲೆ ಲಿಪ್‌ಸ್ಟಿಕ್. ಊಟದಲ್ಲಿ ಮೇಲಿನ ಪದರ ಹೋದರೂ ತುಟಿ ಬೋಳಾಗುವುದಿಲ್ಲ.

ಊಟವಾದ ಕೂಡಲೇ ಇದ್ದದ್ದರ ಮೇಲೆ ಹಚ್ಚಬೇಡಿ. ಜಿಡ್ಡನ್ನು ಟಿಶ್ಯೂನಿಂದ ಒತ್ತಿ ತೆಗೆದು, ಅಂಚನ್ನು ಪೆನ್ಸಿಲ್‌ನಿಂದ ತಿದ್ದಿ, ನಡುವೆ ಮಾತ್ರ ತುಂಬಿ. ಪೆನ್ಸಿಲ್, ಲಿಪ್‌ಸ್ಟಿಕ್, ನಾಲ್ಕು ಟಿಶ್ಯೂ, ಇಷ್ಟನ್ನು ಜೊತೆಗಿರುವ ಅಕ್ಕನೋ ತಂಗಿಯೋ ಇಟ್ಟುಕೊಂಡಿರಲಿ. ಮದುಮಗಳ ಕೈಯಲ್ಲಿ ಜಾಗ ಇರುವುದಿಲ್ಲ.

ತುಟಿ ಇಷ್ಟು ಕೆಂಪಾದ್ರೆ ಕಣ್ಣಿಗೆ, ಕೆನ್ನೆಗೆ ಏನು ಹಾಕೋದು?

ಕಡಿಮೆ. ರೆಪ್ಪೆಯ ಅಂಚಿಗೆ ತೆಳು ಕಪ್ಪು ಗೆರೆ, ಕೊನೆಯಲ್ಲಿ ಸಣ್ಣ ಬಾಲ. ಮಸ್ಕಾರ. ಹುಬ್ಬು ತಿದ್ದಿ ದಟ್ಟ ಮಾಡಿ. ಕೆನ್ನೆಗೆ ಇದ್ದೂ ಇಲ್ಲದ ಹಾಗೆ ಬಣ್ಣ. ಮಿನುಗುವ ಐ ಶ್ಯಾಡೋ ಬೇಡವೇ ಬೇಡ. ಸೀರೆ ಮೈಸೂರು ರೇಷ್ಮೆಯ ಕೆಂಪಾದರೆ ತುಟಿಯ ಕೆಂಪು ಅದಕ್ಕೆ ಒಂದು ಮೆಟ್ಟಿಲು ಕಡು ಇರಲಿ. ಎರಡೂ ಒಂದೇ ಆದರೆ ತುಟಿ ಸೀರೆಯಲ್ಲಿ ಕಳೆದುಹೋಗುತ್ತದೆ.

## ಕೈ ಪಳಗಿದ ಮೇಲೆ

ಮರ್ಲಿನ್ ಮನ್ರೋ ತುಟಿ ಅಷ್ಟು ತುಂಬಿಕೊಂಡು ಕಾಣ್ತಿತ್ತಲ್ಲ, ಹೇಗೆ?

ನೆರಳು ಬೆಳಕಿನಿಂದ. ಅವರ ಮೇಕಪ್ ಮಾಡುತ್ತಿದ್ದವರು ಅಲನ್ ‘ವೈಟಿ’ ಸ್ನೈಡರ್. 1946ರ ಮೊದಲ ಸ್ಕ್ರೀನ್ ಟೆಸ್ಟಿನಿಂದ ಹಿಡಿದು 1962ರಲ್ಲಿ ಮನ್ರೋ ಅವರ ಅಂತ್ಯಕ್ರಿಯೆಯವರೆಗೆ ಆ ಮುಖಕ್ಕೆ ಬಣ್ಣ ಹಚ್ಚಿದ ಕೈ ಅದು. ನನಗೆ ಇದನ್ನು ಬರೆಯುವಾಗಲೂ ಗಂಟಲು ತುಂಬುತ್ತದೆ.

ಸ್ನೈಡರ್ ಒಂದೇ ತುಟಿಗೆ ಹಲವು ಕೆಂಪು ಬಳಸುತ್ತಿದ್ದರು. ಐದರವರೆಗೆ ಅಂತ ಮೇಕಪ್‌ನವರ ನಡುವೆ ಮಾತಿದೆ. ನಮಗೆ ಮೂರು ಸಾಕು. ಮೂಲೆಗಳಿಗೆ ಮತ್ತು ಅಂಚಿಗೆ ಕಡುಗೆಂಪು. ಉಳಿದ ಕಡೆಗೆಲ್ಲ ನಿಮ್ಮ ಮುಖ್ಯ ಕೆಂಪು. ಎರಡೂ ತುಟಿಯ ನಡುವೆ ಒಂದು ಬೆರಳಿನಗಲ ತಿಳಿಗೆಂಪು. ಬಣ್ಣ ಸೇರುವ ಕಡೆ ಬ್ರಶ್ ಒತ್ತಿ ಒತ್ತಿ ಗೆರೆ ಅಳಿಸಿ. ಮೇಲಿಂದ ಕೆಳದುಟಿಯ ನಡುವೆ ಒಂದು ಹನಿ ಮಿರುಗುವ ಲಿಪ್ ಗ್ಲಾಸ್. ಮನ್ಮಥನ ಬಿಲ್ಲಿನ ಮೇಲೆ, ಚರ್ಮಕ್ಕೆ, ಚೂರೇ ಚೂರು ಹೈಲೈಟರ್, ಅಂದರೆ ಮಿನುಗು ಕೊಡುವ ಬಣ್ಣ. ಕಪ್ಪು ಮೈಬಣ್ಣಕ್ಕೆ ಹೊನ್ನಿನ ಬಣ್ಣದ ಹೈಲೈಟರ್ ಇರಲಿ, ಬೆಳ್ಳಿಯದು ಬೂದಿಯಾಗುತ್ತದೆ.

ನನ್ನ ತುಟಿ ತೆಳು. ಗೆರೆಯನ್ನು ಹೊರಗೆ ಎಳೆಯಬಹುದಾ?

ಎಳೆಯಬಹುದು. 1930ರ ದಶಕದಲ್ಲಿ ನಟಿ ಜೋನ್ ಕ್ರಾಫರ್ಡ್ ಇದನ್ನೇ ಮಾಡಿ ಹೆಸರಾದರು. ಮೇಲ್ದುಟಿಯ ಅಂಚನ್ನು ದಾಟಿ, ಅಗಲವಾಗಿ ತುಂಬಿದ ಆ ಆಕಾರಕ್ಕೆ ಬೇಟೆಗಾರನ ಬಿಲ್ಲು ಅಂತ ಹೆಸರು ಬಿತ್ತು. ಆದರೆ ಅದು ದೂರದ ಕ್ಯಾಮೆರಾಕ್ಕೆ, ಅಳೆದು ಇಟ್ಟ ದೀಪಕ್ಕೆ ಮಾಡಿದ್ದು. ಎದುರು ಕೂತು ಮಾತಾಡುವವರಿಗೆ ಸುಳ್ಳು ಗೆರೆ ಗೊತ್ತಾಗುತ್ತದೆ.

ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಹೊರಗೆ ಹೋಗಬೇಡಿ. ಅದೂ ನಡುವೆ ಮಾತ್ರ. ಮೂಲೆಗಳಲ್ಲಿ ನಿಮ್ಮ ಸಹಜ ಅಂಚಿಗೇ ಮರಳಿ. ಎರಡು ತುಟಿಯಲ್ಲಿ ಒಂದನ್ನು ಮಾತ್ರ ಹಿಗ್ಗಿಸಬೇಕಾದರೆ ಕೆಳದುಟಿ ಆರಿಸಿಕೊಳ್ಳಿ. ಅಲ್ಲಿ ಗೆರೆಯ ಕೆಳಗೆ ಸಹಜವಾಗಿಯೇ ನೆರಳು ಇರುವುದರಿಂದ ಕಣ್ಣು ನಂಬುತ್ತದೆ.

ನನಗೆ ಐವತ್ತೈದು. ಬಣ್ಣ ಬಾಯಿ ಸುತ್ತಲಿನ ಗೆರೆಗಳಿಗೆ ಹರಿಯುತ್ತೆ.

ಅಮ್ಮ, ಅದಕ್ಕೆ ಕೆಂಪು ಬಿಡಬೇಕಿಲ್ಲ. ಬಣ್ಣವಿಲ್ಲದ ಮೇಣದ ಪೆನ್ಸಿಲ್ ಸಿಗುತ್ತದೆ. ಅದನ್ನು ತುಟಿಯ ಅಂಚಿನ ಹೊರಗೆ ಸುತ್ತ ಎಳೆಯಿರಿ. ಸುಕ್ಕಿನ ಸಣ್ಣ ಕಾಲುವೆಗಳು ತುಂಬುತ್ತವೆ, ಬಣ್ಣ ಹರಿಯುವುದಿಲ್ಲ. ಲಿಪ್ ಗ್ಲಾಸ್ ಬೇಡ, ತೀರ ಒಣ ಮ್ಯಾಟ್ ಕೂಡ ಬೇಡ. ಬಾಯಿ ಸುತ್ತ ಕ್ರೀಮ್ ಜಾಸ್ತಿ ಹಚ್ಚಿದ್ದರೆ ಮೊದಲು ಒರೆಸಿ, ಎಷ್ಟೋ ಸಲ ಬಣ್ಣ ಹರಿಯುವುದು ಅದರಿಂದಲೇ. ನೀವು ಐವತ್ತೈದರಲ್ಲಿ ಈ ಪ್ರಶ್ನೆ ಕೇಳಿದ್ದು ನನಗೆ ತುಂಬಾ ಖುಷಿ.

ಕನ್ನಡಿಯಲ್ಲಿ ಚೆನ್ನಾಗಿತ್ತು, ಫೋಟೋದಲ್ಲಿ ಬೇರೆ ಬಣ್ಣ. ಯಾಕೆ?

ಕೆಂಪು ಬಣ್ಣ, ದೀಪಕ್ಕೆ ತಕ್ಕಂತೆ ಬದಲಾಗುತ್ತದೆ. ಛತ್ರದ ಹಳದಿ ದೀಪದಲ್ಲಿ ಕಿತ್ತಳೆಯ ಕಡೆಗೆ, ಬಿಳಿ ಎಲ್‌ಇಡಿಯಲ್ಲಿ ಗುಲಾಬಿಯ ಕಡೆಗೆ. ಫೋನ್ ಕ್ಯಾಮೆರಾ ತನ್ನಷ್ಟಕ್ಕೆ ಬಣ್ಣ ತಿದ್ದುವುದರಿಂದ ಕೆಂಪು ಒಮ್ಮೊಮ್ಮೆ ಕಣ್ಣು ಕುಕ್ಕುವಂತಾಗುತ್ತದೆ. ಕಾರ್ಯಕ್ರಮ ಸಂಜೆಯಾದರೆ ಹಳದಿ ದೀಪದಲ್ಲೇ ಹಚ್ಚಿ ನೋಡಿ, ಫೋಟೋ ತೆಗೆದೂ ನೋಡಿ.

ಒಂದು ಅಭ್ಯಾಸ ಹೇಳುತ್ತೇನೆ. ಹಚ್ಚಿ ಮುಗಿದ ಮೇಲೆ ಫೋನಿನಲ್ಲಿ ಒಂದು ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಬಣ್ಣದ ಸೊಬಗಿನಲ್ಲಿ ಮುಚ್ಚಿಹೋಗಿದ್ದ ಸೊಟ್ಟ ಅಂಚು, ಒಂದು ಕಡೆ ಎತ್ತರವಾದ ಏರು, ಎಲ್ಲ ತಟ್ಟನೆ ಕಾಣುತ್ತದೆ. ನಾನು ಪ್ರತಿ ಮದುಮಗಳಿಗೂ ಇದನ್ನು ಮಾಡುತ್ತೇನೆ.

ಕುಂಕುಮಕ್ಕೆ ಕೊಬ್ಬರಿ ಎಣ್ಣೆ ಕಲಸಿ ಲಿಪ್‌ಸ್ಟಿಕ್ ಮಾಡಬಹುದಾ? ಬೀಟ್‌ರೂಟ್?

ಕುಂಕುಮ ದಯವಿಟ್ಟು ಬೇಡ. ತುಟಿಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ. ಸಾಂಪ್ರದಾಯಿಕ ಕುಂಕುಮ ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿಸಿ ಕೆಂಪಾಗಿಸಿದ್ದು. ಸುಣ್ಣ ತುಟಿಯನ್ನು ಸುಡುತ್ತದೆ. ಹುಳಿ ತಾಗಿದರೆ ಬಣ್ಣವೂ ಹಳದಿಗೆ ತಿರುಗುತ್ತದೆ. ಅಂಗಡಿಯ ಅಗ್ಗದ ಕುಂಕುಮ, ಸಿಂಧೂರಗಳಲ್ಲಿ ತಿನ್ನಬಾರದ ಬಣ್ಣಗಳು, ಸೀಸ ಕೂಡ ಸಿಕ್ಕಿದ್ದುಂಟು.

ಬೀಟ್‌ರೂಟ್‌ನಿಂದ ತೊಂದರೆ ಇಲ್ಲ, ಆದರೆ ಅದು ಕೊಡುವುದು ನೇರಳೆ ಬೆರೆತ ಗುಲಾಬಿ. ನೀರಿನಲ್ಲಿ ಕರಗುವ ಬಣ್ಣ, ಒಂದು ಲೋಟ ಕಾಫಿಗೆ ಹೋಗಿಬಿಡುತ್ತದೆ.

ಲಿಪ್‌ಸ್ಟಿಕ್‌ಗೆ ಹುಳ ಹಾಕ್ತಾರಂತೆ. ನಾವು ಸಸ್ಯಾಹಾರಿಗಳು.

ಕೆಲವದಕ್ಕೆ ನಿಜ. ಕಾಚಿನೀಲ್ ಅನ್ನುವ, ಪಾಪಾಸುಕಳ್ಳಿಯ ಮೇಲೆ ಬದುಕುವ ಸಣ್ಣ ಕೀಟದಿಂದ ಕಾರ್ಮೈನ್ ಎಂಬ ಕೆಂಪು ತೆಗೆಯುತ್ತಾರೆ. ಡಬ್ಬಿಯ ಮೇಲಿನ ಪಟ್ಟಿಯಲ್ಲಿ ‘ಕಾರ್ಮೈನ್’ ಅಂತಲೋ ‘ಸಿ.ಐ. 75470’ ಅಂತಲೋ ಇದ್ದರೆ ಅದೇ. ಜೇನುಮೇಣ, ಕುರಿ ಉಣ್ಣೆಯ ಲ್ಯಾನೋಲಿನ್ ಕೂಡ ಲಿಪ್‌ಸ್ಟಿಕ್ಕಿನಲ್ಲಿ ಸಾಮಾನ್ಯ. ಬೇಡವಾದರೆ ‘ವೀಗನ್’ ಎಂದು ಬರೆದದ್ದನ್ನು ಕೊಳ್ಳಿ. ಅವುಗಳಲ್ಲಿ ಒಳ್ಳೆಯ ಕೆಂಪು ಸಿಗುತ್ತದೆ, ಕಾರ್ಮೈನ್ ಇಲ್ಲದೆ ಕೆಂಪಿಲ್ಲ ಅನ್ನುವುದು ತಪ್ಪು. ನಮ್ಮ ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆಯುವ ಬಣ್ಣದ ಸತ್ವವೂ ಲಿಪ್‌ಸ್ಟಿಕ್, ನೇಲ್ ಪಾಲಿಶ್ ತಯಾರಿಕೆಗೆ ಹೋಗುತ್ತದೆ.

ರಾತ್ರಿ ತೆಗೆಯೋಕೆ ಹೋದ್ರೆ ಬಾಯಿ ಸುತ್ತ ಎಲ್ಲ ಕೆಂಪಾಗುತ್ತೆ.

ಉಜ್ಜುವುದರಿಂದ ಹಾಗಾಗುತ್ತದೆ. ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ, ತುಟಿಯ ಮೇಲೆ ಅರ್ಧ ನಿಮಿಷ ಸುಮ್ನೆ ಒತ್ತಿ ಹಿಡಿಯಿರಿ. ಬಣ್ಣ ಸಡಿಲವಾಗುತ್ತದೆ. ಆಮೇಲೆ ಮೂಲೆಯಿಂದ ನಡುವಿಗೆ ಒರೆಸಿ, ಹೊರಗಡೆಗೆ ಎಳೆಯಬೇಡಿ. ಹತ್ತಿ ಬದಲಿಸಿ ಇನ್ನೊಮ್ಮೆ. ಟಿಂಟ್ ಹಚ್ಚಿದ್ದರೆ ಸ್ವಲ್ಪ ಕಲೆ ಉಳಿದೀತು, ಬೆಳಗ್ಗೆ ತಾನೇ ಹೋಗುತ್ತದೆ. ಮಲಗುವ ಮುಂಚೆ ತುಟಿಗೆ ಮತ್ತೆ ಒಂದಿಷ್ಟು ತುಪ್ಪ.